ಲಕ್ಷುರಿ ಎಸ್‌ಯುವಿ ಲೀಸ್: ತಿಂಗಳ ಕಂತಲ್ಲ, ಅದರ ಹಿಂದಿನ ಲೆಕ್ಕ ಕೇಳಿ

ಅಮೆರಿಕದಲ್ಲಿ ಬಿಎಂಡಬ್ಲ್ಯು ಎಕ್ಸ್5, ಮರ್ಸಿಡಿಸ್ ಜಿಎಲ್‌ಇ, ಲೆಕ್ಸಸ್ ಆರ್‌ಎಕ್ಸ್ ಅಥವಾ ಔಡಿ ಕ್ಯೂ7 ನೋಡಲು ಡೀಲರ್‌ಶಿಪ್‌ಗೆ ಹೋದವರಿಗೆಲ್ಲ ಎದುರಾಗುವ ಪ್ರಶ್ನೆ ಒಂದಿದೆ: ‘ತಿಂಗಳಿಗೆ ಎಷ್ಟು ಕಟ್ಟಬೇಕು ಅಂದ್ಕೊಂಡಿದ್ದೀರಿ?’ ಇದಕ್ಕೆ ಒಂದು ಅಂಕಿ ಹೇಳಿಬಿಟ್ಟರೆ ಅಲ್ಲಿಗೆ ಚೌಕಾಸಿ ಮುಗಿದ ಹಾಗೆಯೇ. ನೀವು ಸಾವಿರ ಡಾಲರ್ ಅಂದರೆ ಸೇಲ್ಸ್‌ನವರು 987 ಡಾಲರಿಗೆ ತಂದು ನಿಲ್ಲಿಸುತ್ತಾರೆ, ನಿಮಗೂ ಖುಷಿಯಾಗುತ್ತದೆ. ಆ 987ರೊಳಗೆ ಗಾಡಿಯ ಬೆಲೆ ಎಷ್ಟು, ಬಡ್ಡಿ ಎಷ್ಟು, ನಿಮ್ಮದೇ ದುಡ್ಡು ಎಷ್ಟು ಎಂಬುದು ಮಾತ್ರ ಗೊತ್ತಾಗುವುದಿಲ್ಲ.

ಗಾಡಿಯನ್ನು ಕೊಳ್ಳದೆ, ಎರಡು ಮೂರು ವರ್ಷ ತಿಂಗಳ ಕಂತು ಕಟ್ಟಿ ಬಳಸಿ ವಾಪಸ್ ಕೊಡುವುದೇ ಲೀಸ್. ಅದರಲ್ಲಿ ಚೌಕಾಸಿ ಮಾಡಬೇಕಾದದ್ದು ಕಂತಿಗಲ್ಲ, ಕಂತನ್ನು ಹುಟ್ಟಿಸುವ ಅಂಕಿಗಳಿಗೆ. ಅಂಥವು ನಾಲ್ಕೇ ನಾಲ್ಕು. ಎಂಟನೇ ಕ್ಲಾಸಿನ ಗಣಿತ ಬಂದರೆ ಸಾಕು, ಫೋನಿನ ಕ್ಯಾಲ್ಕುಲೇಟರಿನಲ್ಲೇ ಎರಡು ನಿಮಿಷದಲ್ಲಿ ಮಾಡಬಹುದಾದ ಲೆಕ್ಕ. ಅದನ್ನು ಕಲಿತ ಮೇಲೆಯೇ ಡೀಲರ್‌ಶಿಪ್ ಮೆಟ್ಟಿಲು ಹತ್ತಿ.

ಮೊದಲು ಲೆಕ್ಕ

ಸ್ಟಿಕರ್ ಬೆಲೆ, ಅಂದರೆ ಕಂಪನಿ ಕಿಟಕಿಯ ಮೇಲೆ ಅಂಟಿಸಿದ ಬೆಲೆ, 72,000 ಡಾಲರ್ ಇರುವ ಒಂದು ಎಸ್‌ಯುವಿ ತೆಗೆದುಕೊಳ್ಳೋಣ. 36 ತಿಂಗಳು, ವರ್ಷಕ್ಕೆ 10,000 ಮೈಲಿಯ ಲೀಸ್.

ಮೊದಲನೆಯದು ಮಾರಾಟ ಬೆಲೆ. ಲೀಸ್ ಭಾಷೆಯಲ್ಲಿ ಇದಕ್ಕೆ ಫೀಗಳನ್ನು ಸೇರಿಸಿದರೆ ಕ್ಯಾಪ್ ಕಾಸ್ಟ್. ಗಾಡಿಯನ್ನು ಕೊಂಡುಕೊಳ್ಳುವವರು ಚೌಕಾಸಿ ಮಾಡುವ ಹಾಗೆಯೇ ಇಲ್ಲೂ ಮಾಡಬೇಕು. ಲೀಸ್ ಅಂದಮೇಲೆ ಬೆಲೆ ಇಳಿಯುವುದಿಲ್ಲ ಎಂದು ತುಂಬ ಜನ ನಂಬಿದ್ದಾರೆ, ಅದು ತಪ್ಪು. ಡೀಲರ್ ಗಾಡಿಯನ್ನು ಲೀಸ್ ಕಂಪನಿಗೆ ಮಾರುತ್ತಾನೆ, ಆ ಮಾರಾಟದ ಬೆಲೆಯೇ ನಿಮ್ಮ ಕಂತಿಗೆ ತಳಪಾಯ. ನಮ್ಮ ಉದಾಹರಣೆಯಲ್ಲಿ 5,000 ಡಾಲರ್ ಇಳಿಸಿ 67,000ಕ್ಕೆ ಒಪ್ಪಿಸಿದಿರಿ ಎನ್ನೋಣ.

ಎರಡನೆಯದು ರೆಸಿಡ್ಯುಯಲ್, ಅಂದರೆ ಮೂರು ವರ್ಷದ ನಂತರ ಗಾಡಿಗೆ ಇಷ್ಟು ಬೆಲೆ ಇರುತ್ತದೆಂದು ಲೀಸ್ ಕಂಪನಿ ಮೊದಲೇ ಬರೆದಿಡುವ ಅಂಕಿ. ಇದನ್ನು ಸ್ಟಿಕರ್ ಬೆಲೆಯ ಮೇಲೆ ಲೆಕ್ಕ ಹಾಕುತ್ತಾರೆ, ನೀವು ಒಪ್ಪಿಸಿದ ಬೆಲೆಯ ಮೇಲಲ್ಲ. ಶೇ. 57 ಅಂದರೆ 41,040 ಡಾಲರ್. ಇದರಲ್ಲಿ ಚೌಕಾಸಿಗೆ ಜಾಗವೇ ಇಲ್ಲ. ಡೀಲರ್ ಕೂಡ ಬದಲಿಸಲಾರ. ಆದರೆ ಮಾಡೆಲ್‌ನಿಂದ ಮಾಡೆಲ್‌ಗೆ, ತಿಂಗಳಿನಿಂದ ತಿಂಗಳಿಗೆ ಇದು ಬದಲಾಗುತ್ತದೆ. ಹಾಗಾಗಿ ಹೆಚ್ಚು ಬೆಲೆಯ ಗಾಡಿಯ ಕಂತು ಕೆಲವೊಮ್ಮೆ ಕಡಿಮೆ ಬೆಲೆಯ ಗಾಡಿಗಿಂತ ಅಗ್ಗವಾಗುವುದುಂಟು.

ಮೂರನೆಯದು ಮನಿ ಫ್ಯಾಕ್ಟರ್. ಬಡ್ಡಿಯೇ, ಬೇರೆ ವೇಷದಲ್ಲಿ. 0.00180 ಎಂದು ಬರೆದಿರುತ್ತಾರೆ. ಅದನ್ನು 2,400ರಿಂದ ಗುಣಿಸಿದರೆ 4.32, ಅಂದರೆ ಸುಮಾರು ವಾರ್ಷಿಕ ಶೇ. 4.32 ಬಡ್ಡಿ. ಕೆಲವರು ಬಾಯಲ್ಲಿ ‘1.80’ ಎಂದಷ್ಟೇ ಹೇಳುತ್ತಾರೆ. ಅದನ್ನು ಶೇ. 1.8 ಬಡ್ಡಿ ಎಂದು ತಿಳಿಯಬೇಡಿ.

ನಾಲ್ಕನೆಯದು ಫೀಗಳು. ಲೀಸ್ ಶುರುಮಾಡಲು ಲೀಸ್ ಕಂಪನಿ ಹಾಕುವ ಅಕ್ವಿಸಿಷನ್ ಫೀಯನ್ನು ಇಲ್ಲಿ 925 ಡಾಲರ್ ಎಂದು ಹಿಡಿದು ಬೆಲೆಗೇ ಸೇರಿಸೋಣ. ಕ್ಯಾಪ್ ಕಾಸ್ಟ್ 67,925 ಆಯಿತು.

ಈಗ ಕಂತು. 67,925ರಿಂದ 41,040 ಕಳೆದರೆ 26,885. ಇದು ಮೂರು ವರ್ಷದ ಸವಕಳಿ. 36ರಿಂದ ಭಾಗಿಸಿದರೆ ತಿಂಗಳಿಗೆ 746.81. ಬಡ್ಡಿಗೆ ಕ್ಯಾಪ್ ಕಾಸ್ಟ್ ಮತ್ತು ರೆಸಿಡ್ಯುಯಲ್ ಎರಡನ್ನೂ ಕೂಡಿಸಿ ಮನಿ ಫ್ಯಾಕ್ಟರ್‌ನಿಂದ ಗುಣಿಸಬೇಕು: 1,08,965 × 0.00180 = 196.14. ಎರಡೂ ಸೇರಿ 942.95 ಡಾಲರ್, ತೆರಿಗೆ ಬೇರೆ. ಕಳೆಯಬೇಕಾದ ಕಡೆ ಕೂಡಿಸುವುದೇಕೆ ಎಂದು ಅನಿಸಬಹುದು. ನೀವು ಬಡ್ಡಿ ಕಟ್ಟುವುದು ಸವಕಳಿಯ ಮೇಲೆ ಮಾತ್ರವಲ್ಲ, ಇಡೀ ಗಾಡಿಯಲ್ಲಿ ತೊಡಗಿರುವ ಹಣದ ಮೇಲೆ. ಆ ಹಣ 67,925ರಿಂದ ಶುರುವಾಗಿ 41,040ಕ್ಕೆ ಇಳಿಯುತ್ತದೆ. ಎರಡನ್ನೂ ಕೂಡಿಸಿ ಅರ್ಧ ಮಾಡಿದರೆ ಸಿಗುವುದೇ ಸರಾಸರಿ. ಆ ಅರ್ಧ ಮಾಡುವ ಕೆಲಸ ಮನಿ ಫ್ಯಾಕ್ಟರ್‌ನೊಳಗೇ ಅಡಗಿದೆ. ಶೇಕಡಾ ನೂರು, ತಿಂಗಳು ಹನ್ನೆರಡು, ಅದರ ಎರಡರಷ್ಟು: 2,400 ಬಂದದ್ದು ಹಾಗೆ.

ನಾಲ್ಕು ಚೌಕದ ಕಾಗದ

ಕೆಲವು ಡೀಲರ್‌ಶಿಪ್‌ಗಳಲ್ಲಿ ಸೇಲ್ಸ್‌ನವರು ಒಂದು ಬಿಳಿ ಹಾಳೆಯ ನಡುವೆ ಅಡ್ಡ ಗೆರೆ, ಉದ್ದ ಗೆರೆ ಎಳೆದು ನಾಲ್ಕು ಚೌಕ ಮಾಡುತ್ತಾರೆ. ಒಂದರಲ್ಲಿ ನಿಮ್ಮ ಹಳೆ ಗಾಡಿಯ ಬೆಲೆ, ಒಂದರಲ್ಲಿ ಹೊಸದರ ಬೆಲೆ, ಮತ್ತೊಂದರಲ್ಲಿ ಡೌನ್ ಪೇಮೆಂಟ್, ಕೊನೆಯದರಲ್ಲಿ ತಿಂಗಳ ಕಂತು. ದಪ್ಪ ಮಾರ್ಕರ್‌ನಿಂದ ಸುತ್ತು ಹಾಕುವುದು ಆ ಕೊನೆಯ ಚೌಕಕ್ಕೆ. ನೀವು ಕಂತು ಜಾಸ್ತಿಯಾಯಿತು ಎಂದರೆ ಪೆನ್ನು ಡೌನ್ ಪೇಮೆಂಟ್ ಚೌಕಕ್ಕೆ ಹೋಗುತ್ತದೆ, ಬೆಲೆಯ ಚೌಕಕ್ಕಲ್ಲ.

ಇದರಿಂದ ಏನಾಗುತ್ತದೆ ನೋಡಿ. ಅದೇ ಗಾಡಿಗೆ ಒಂದು ಡಾಲರ್ ರಿಯಾಯಿತಿಯನ್ನೂ ಕೊಡದೆ, ಮನಿ ಫ್ಯಾಕ್ಟರ್ ಅನ್ನು 0.00220ಕ್ಕೆ ಏರಿಸಿ ಲೆಕ್ಕ ಹಾಕಿದರೆ ಕಂತು 1,136 ಡಾಲರ್. ಜಾಸ್ತಿಯಾಯಿತು ಎನ್ನುತ್ತೀರಿ. ‘5,000 ಡೌನ್ ಹಾಕಿ, ಸಾವಿರದೊಳಗೆ ತರುತ್ತೇನೆ’ ಎನ್ನುತ್ತಾರೆ. 72,925ರಿಂದ 5,000 ಕಳೆದರೆ ಮತ್ತೆ ಅದೇ 67,925! ಕಂತು 986.53. ಡೀಲರ್ ಬಿಡಬೇಕಿದ್ದ ಐದು ಸಾವಿರವನ್ನು ನೀವು ನಿಮ್ಮ ಜೇಬಿನಿಂದ ಕೊಟ್ಟಿರಿ, ಮೇಲೆ ಬಡ್ಡಿಯನ್ನೂ ಜಾಸ್ತಿ ಕಟ್ಟಿದಿರಿ. ಮೂರು ವರ್ಷಕ್ಕೆ ಮೊದಲಿನ ಲೆಕ್ಕದಲ್ಲಿ ಹೋಗುತ್ತಿದ್ದದ್ದು 33,946 ಡಾಲರ್. ಈ ಲೆಕ್ಕದಲ್ಲಿ ಡೌನ್ ಸೇರಿ 40,515. ಕಂತುಗಳ ನಡುವಿನ ಅಂತರ ತಿಂಗಳಿಗೆ 44 ಡಾಲರ್ ಮಾತ್ರ, ಒಟ್ಟು ಅಂತರ 6,569.

ಹಾಗಾಗಿ ಈ ನಾಲ್ಕು ಚೌಕದ ಕಾಗದ ಬಂದರೆ ಅದನ್ನು ಮೆಲ್ಲಗೆ ಪಕ್ಕಕ್ಕಿಟ್ಟು ಹೇಳಿ: ‘ಮೊದಲು ಮಾರಾಟ ಬೆಲೆ ಮಾತಾಡೋಣ. ಡೌನ್ ಸೊನ್ನೆ. ಹಳೆ ಗಾಡಿಯ ವಿಷಯ ಕೊನೆಗೆ.’ ಹಳೆ ಗಾಡಿಗೆ ಬೇರೆ ಎರಡು ಕಡೆ ಬೆಲೆ ಕೇಳಿಟ್ಟುಕೊಂಡೇ ಹೋಗಿ. ಹಳೆ ಗಾಡಿ ಕೊಳ್ಳುವ ಕಾರ್‌ಮ್ಯಾಕ್ಸ್ ಕಂಪನಿ ಲಿಖಿತವಾಗಿ ಕೊಡುವ ಬೆಲೆ 7 ದಿನ ನಡೆಯುತ್ತದೆ.

ಡೌನ್ ಸೊನ್ನೆ ಎನ್ನುವುದಕ್ಕೆ ಇನ್ನೊಂದು ಗಟ್ಟಿ ಕಾರಣವಿದೆ. ಎರಡನೇ ತಿಂಗಳಲ್ಲೇ ಗಾಡಿ ಅಪಘಾತದಲ್ಲಿ ಪೂರ್ತಿ ಹಾಳಾಯಿತು ಎನ್ನಿ. ವಿಮೆ ಕಂಪನಿ ದುಡ್ಡು ಕೊಡುವುದು ಗಾಡಿಯ ಮಾಲೀಕರಿಗೆ, ಅಂದರೆ ಲೀಸ್ ಕಂಪನಿಗೆ. ಲೀಸ್‌ನ ಬಾಕಿಗೆ ವಿಮೆಯ ದುಡ್ಡು ಸಾಲದೆ ಕೊರತೆಯಾದರೆ ಗ್ಯಾಪ್ ರಕ್ಷಣೆ ತುಂಬುತ್ತದೆ. ನೀವು ಹಾಕಿದ ಡೌನ್ ಪೇಮೆಂಟ್ ವಾಪಸ್ ಬರುವ ದಾರಿ ಸಾಮಾನ್ಯವಾಗಿ ಇರುವುದಿಲ್ಲ. ಕೈಯಲ್ಲಿ ದುಡ್ಡಿದ್ದು ಕಂತು ಇಳಿಸಲೇಬೇಕೆಂದಿದ್ದರೆ ಮಲ್ಟಿಪಲ್ ಸೆಕ್ಯುರಿಟಿ ಡಿಪಾಸಿಟ್ ಇದೆಯೇ ಎಂದು ಕೇಳಿ. ಕೆಲವು ಬ್ರ್ಯಾಂಡ್‌ಗಳ ಫೈನಾನ್ಸ್ ಕಂಪನಿಗಳು, ಕೆಲವು ರಾಜ್ಯಗಳಲ್ಲಿ ಮಾತ್ರ ಇದನ್ನು ಕೊಡುತ್ತವೆ. ಒಂದು ಡಿಪಾಸಿಟ್‌ಗೆ 950 ಡಾಲರ್, ಪ್ರತಿ ಡಿಪಾಸಿಟ್‌ಗೂ ಮನಿ ಫ್ಯಾಕ್ಟರ್ 0.00005 ಇಳಿಯುತ್ತದೆ ಎಂದಿಟ್ಟುಕೊಂಡರೆ, ಏಳು ಡಿಪಾಸಿಟ್‌ಗೆ 6,650 ಕಟ್ಟಿ ತಿಂಗಳಿಗೆ 38 ಡಾಲರ್ ಉಳಿಸಬಹುದು. ಮೂರು ವರ್ಷಕ್ಕೆ 1,373. ಲೀಸ್ ಮುಗಿದಾಗ, ಬಾಕಿ ಏನೂ ಇಲ್ಲದಿದ್ದರೆ, ಡಿಪಾಸಿಟ್ ಪೂರ್ತಿ ಕೈಗೆ ಬರುತ್ತದೆ.

ಮನಿ ಫ್ಯಾಕ್ಟರ್ ಎಲ್ಲಿ ಊದಿಕೊಳ್ಳುತ್ತದೆ

ಫೈನಾನ್ಸ್ ಕಂಪನಿ ಡೀಲರ್‌ಗೆ ಕೊಡುವ ದರ ಬೇಸ್ ದರ. ಡೀಲರ್ ಅದರ ಮೇಲೆ ಒಂದಿಷ್ಟು ಸೇರಿಸಿ ನಿಮಗೆ ಹೇಳಬಹುದು, ಇದು ಕಾನೂನುಬದ್ಧ. ಎಷ್ಟು ಸೇರಿಸಬಹುದೆಂಬುದಕ್ಕೆ ಕಂಪನಿಗಳು ಮಿತಿ ಹಾಕಿರುತ್ತವೆ; 0.0004 ಆಗಾಗ ಕಾಣುವ ಅಂಕಿ. ನೋಡಲು ನಾಲ್ಕನೇ ದಶಮಾಂಶದ ಚಿಕ್ಕ ಸಂಖ್ಯೆ. ನಮ್ಮ ಉದಾಹರಣೆಯಲ್ಲಿ ತಿಂಗಳಿಗೆ 43.59, ಮೂರು ವರ್ಷಕ್ಕೆ 1,569 ಡಾಲರ್.

ಆ ತಿಂಗಳ ಬೇಸ್ ದರವನ್ನೂ ರೆಸಿಡ್ಯುಯಲ್ ಅನ್ನೂ ನಿಮ್ಮ ಜಿಪ್ ಕೋಡ್, ಟ್ರಿಮ್ (ಮಾಡೆಲ್‌ನ ಯಾವ ಆವೃತ್ತಿ), ಅವಧಿ ಮತ್ತು ಮೈಲಿ ಹೇಳಿ ಎಡ್ಮಂಡ್ಸ್ ತಾಣದಲ್ಲಿ ಕೇಳಿದರೆ ಉತ್ತರ ಸಿಗುತ್ತದೆ. ಲೀಸ್‌ಹ್ಯಾಕರ್ ತಾಣದ ಕ್ಯಾಲ್ಕುಲೇಟರ್‌ನಲ್ಲಿ ಇಡೀ ಲೆಕ್ಕ ಕೂರಿಸಿ ನೋಡಬಹುದು. ಈ ದರ ಉತ್ತಮ ಕ್ರೆಡಿಟ್ ಸ್ಕೋರ್ ಇರುವವರಿಗೆ ಎಂಬುದು ನೆನಪಿರಲಿ. ಅಮೆರಿಕಕ್ಕೆ ಬಂದು ಆರು ತಿಂಗಳಾದವರಿಗೆ, ಸಂಬಳ ಎಷ್ಟೇ ಇದ್ದರೂ, ಕ್ರೆಡಿಟ್ ಇತಿಹಾಸ ತೆಳುವಾಗಿದ್ದರೆ ಇದಕ್ಕಿಂತ ಹೆಚ್ಚಿನ ದರ ಬರಬಹುದು. ಕೆಲವು ಬ್ರ್ಯಾಂಡ್‌ಗಳಲ್ಲಿ ಹೊಸದಾಗಿ ಬಂದ ವಿದೇಶಿ ಉದ್ಯೋಗಿಗಳಿಗೆಂದೇ ಯೋಜನೆಗಳಿವೆ, ಕೇಳಿ ನೋಡಿ.

ಮನಿ ಫ್ಯಾಕ್ಟರ್ ಹೇಳಲು ಡೀಲರ್ ಒಪ್ಪದಿದ್ದರೆ? ಅದನ್ನು ಹೇಳಲೇಬೇಕೆಂದು ಕೇಂದ್ರ ಕಾನೂನಿನಲ್ಲಿಲ್ಲ. ಆದರೆ 1976ರ ಕನ್ಸ್ಯೂಮರ್ ಲೀಸಿಂಗ್ ಆ್ಯಕ್ಟ್ ಮತ್ತು ಅದರಡಿಯ ರೆಗ್ಯುಲೇಶನ್ ಎಂ ಪ್ರಕಾರ ಒಪ್ಪಂದದಲ್ಲಿ ಗ್ರಾಸ್ ಕ್ಯಾಪ್ ಕಾಸ್ಟ್, ಅದರಿಂದ ಕಳೆದ ಮೊತ್ತ, ಅಡ್ಜಸ್ಟೆಡ್ ಕ್ಯಾಪ್ ಕಾಸ್ಟ್, ರೆಸಿಡ್ಯುಯಲ್, ಸವಕಳಿ ಮತ್ತು ರೆಂಟ್ ಚಾರ್ಜ್ ಇರಲೇಬೇಕು. ರೆಂಟ್ ಚಾರ್ಜ್ ಅಂದರೆ ಇಡೀ ಅವಧಿಯ ಬಡ್ಡಿ. ಅಲ್ಲಿಂದ ಹಿಂದಕ್ಕೆ ಬನ್ನಿ: ರೆಂಟ್ ಚಾರ್ಜ್ 7,061 ಎಂದಿದ್ದರೆ 36ರಿಂದ ಭಾಗಿಸಿ, ಬಂದದ್ದನ್ನು 1,08,965ರಿಂದ ಭಾಗಿಸಿ. 0.00180 ಬರಬೇಕು. ಅದೇ ಜಾಗದಲ್ಲಿ 8,630 ಕಂಡರೆ ದರ 0.00220ಕ್ಕೆ ಏರಿದೆ. ಸಹಿ ಹಾಕುವ ಮೇಜಿನ ಮೇಲೆಯೇ ಈ ಭಾಗಾಕಾರ ಮಾಡಿ. ಯಾರೂ ತಪ್ಪು ತಿಳಿಯುವುದಿಲ್ಲ, ತಿಳಿದರೂ ಪರವಾಗಿಲ್ಲ.

ಮೇಲ್‌ನಲ್ಲೇ ಮುಗಿಸಿ

ಟೆಸ್ಟ್ ಡ್ರೈವ್ ಒಂದು ದಿನ, ಚೌಕಾಸಿ ಇನ್ನೊಂದು ದಿನ. ಗಾಡಿ, ಬಣ್ಣ, ಪ್ಯಾಕೇಜ್ ಎಲ್ಲ ತೀರ್ಮಾನವಾದ ಮೇಲೆ ಸುತ್ತಲಿನ ಐದಾರು ಡೀಲರ್‌ಗಳ ಇಂಟರ್ನೆಟ್ ಸೇಲ್ಸ್ ವಿಭಾಗಕ್ಕೆ ಒಂದೇ ಮೇಲ್ ಕಳಿಸಿ. ಇನ್ನೂರು ಮೈಲಿ ದೂರದವರನ್ನೂ ಸೇರಿಸಿ. ಅಷ್ಟು ದೂರಕ್ಕೂ ಗಾಡಿ ಮನೆಗೆ ತಂದುಕೊಡುವವರಿದ್ದಾರೆ. ಅವರ ಸ್ಟಾಕ್‌ನಲ್ಲಿರುವ ನಿರ್ದಿಷ್ಟ ಗಾಡಿಯ ಸ್ಟಾಕ್ ನಂಬರ್ ಬರೆದು ಇಷ್ಟನ್ನು ಕೇಳಿ: ಸ್ಟಿಕರ್ ಬೆಲೆ, ಗಾಡಿ ತಯಾರಿಸುವ ಕಂಪನಿಯ ಇನ್ಸೆಂಟಿವ್‌ಗಳನ್ನು (ಅಂದರೆ ರಿಯಾಯಿತಿಗಳನ್ನು) ಕಳೆಯುವ ಮೊದಲಿನ ಮಾರಾಟ ಬೆಲೆ, ಇನ್ಸೆಂಟಿವ್‌ಗಳು ಒಂದೊಂದಾಗಿ, ಬೇಸ್ ಮನಿ ಫ್ಯಾಕ್ಟರ್, ರೆಸಿಡ್ಯುಯಲ್, ಎಲ್ಲ ಫೀ, ಸಹಿ ವೇಳೆ ಕಟ್ಟಬೇಕಾದ ಮೊತ್ತ.

‘ಇನ್ಸೆಂಟಿವ್ ಕಳೆಯುವ ಮೊದಲಿನ’ ಎಂಬ ಮಾತನ್ನು ಬಿಡಬೇಡಿ. ‘ಎಂಟು ಸಾವಿರ ಆಫ್’ ಎಂದು ಬರುವ ಮೇಲ್‌ನಲ್ಲಿ ಆರು ಸಾವಿರ ಕಂಪನಿಯದೇ ಲೀಸ್ ಕ್ಯಾಶ್ ಆಗಿರಬಹುದು. ಅದು ಯಾವ ಡೀಲರ್ ಹತ್ತಿರ ಹೋದರೂ ಸಿಗುವಂಥದ್ದು. ಆಗ ಇವರು ತಮ್ಮ ಕಡೆಯಿಂದ ಬಿಟ್ಟದ್ದು ಎರಡೇ ಸಾವಿರ. ನಿಮಗೆ ಅನ್ವಯಿಸುವ ಲಾಯಲ್ಟಿ ರಿಯಾಯಿತಿ, ಬೇರೆ ಬ್ರ್ಯಾಂಡ್‌ನಿಂದ ಬರುವವರಿಗೆ ಕೊಡುವ ಕಾಂಕ್ವೆಸ್ಟ್ ರಿಯಾಯಿತಿ, ನೀವು ಕೆಲಸ ಮಾಡುವ ಕಂಪನಿಗೆ ಇರುವ ಕಾರ್ಪೊರೇಟ್ ರಿಯಾಯಿತಿ ಇವನ್ನೂ ಕೇಳಿ. ದೊಡ್ಡ ಐಟಿ ಕಂಪನಿಗಳಲ್ಲಿರುವವರು ಎಚ್‌ಆರ್ ಪೋರ್ಟಲ್‌ನ ಉದ್ಯೋಗಿ ಸೌಲಭ್ಯಗಳ ಪುಟವನ್ನು ಒಮ್ಮೆ ನೋಡಿ.

ಉತ್ತರ ಬಂದ ಮೇಲೆ ಎಲ್ಲರ ಅಂಕಿಗಳನ್ನು ಒಂದೇ ಹಾಳೆಯಲ್ಲಿ, ಒಂದೇ ರೀತಿಯಲ್ಲಿ ಬರೆದುಕೊಳ್ಳಿ. ಟಿವಿ ಜಾಹೀರಾತಿಗೂ ಇದೇ ಮದ್ದು. ‘ತಿಂಗಳಿಗೆ 699, ಸಹಿ ವೇಳೆ 5,999’ ಎಂದರೆ ಆ 5,999ರಲ್ಲಿ ಮೊದಲ ಕಂತು ಸೇರಿರುತ್ತದೆ. 36 ತಿಂಗಳ ಲೀಸ್ ಆದರೆ, ಅದಕ್ಕೆ ಉಳಿದ 35 ಕಂತುಗಳನ್ನು ಕೂಡಿಸಿ 36ರಿಂದ ಭಾಗಿಸಿದರೆ ನಿಜವಾದ ಕಂತು 846 ಡಾಲರ್. ಒಳ್ಳೆಯ ಉತ್ತರವನ್ನು ಎರಡನೆಯ ಒಳ್ಳೆಯ ಉತ್ತರ ಕೊಟ್ಟವರಿಗೆ ತೋರಿಸಿ, ಇದಕ್ಕಿಂತ ಕಡಿಮೆ ಮಾಡಿದರೆ ಇವತ್ತೇ ಸಹಿ ಎನ್ನಿ. ಒಂದು ಸುತ್ತು, ಹೆಚ್ಚೆಂದರೆ ಎರಡು. ಅದಕ್ಕಿಂತ ಎಳೆದರೆ ಉತ್ತರ ಬರುವುದೇ ನಿಲ್ಲುತ್ತದೆ.

ತಿಂಗಳ ಕೊನೆಯಲ್ಲಿ, ಅದರಲ್ಲೂ ವರ್ಷದ ಕೊನೆಯಲ್ಲಿ, ಡೀಲರ್‌ಗೆ ಗುರಿ ಮುಟ್ಟುವ ಒತ್ತಡ ಇರುತ್ತದೆ. ಆದರೆ ದರ, ರೆಸಿಡ್ಯುಯಲ್, ಇನ್ಸೆಂಟಿವ್‌ಗಳು ತಿಂಗಳ ಮೊದಲ ದಿನಗಳಲ್ಲಿ ಬದಲಾಗುವುದರಿಂದ ಕಳೆದ ತಿಂಗಳ ಲೆಕ್ಕವನ್ನು ಈ ತಿಂಗಳಿಗೆ ತರಬೇಡಿ. ಎಲೆಕ್ಟ್ರಿಕ್ ಎಸ್‌ಯುವಿಗಳ ಲೀಸ್‌ನಲ್ಲಿ ಸಿಗುತ್ತಿದ್ದ 7,500 ಡಾಲರಿನ ಫೆಡರಲ್ ಕ್ರೆಡಿಟ್ 2025ರ ಸೆಪ್ಟೆಂಬರ್ 30ಕ್ಕೆ ಮುಗಿದಿದೆ. ಅದಕ್ಕೆ ಮುಂಚಿನ ಹಳೆ ಡೀಲ್‌ಗಳ ಜೊತೆ ಹೋಲಿಸಿ ನಿರಾಶರಾಗಬೇಡಿ.

ಸರ್ವಿಸ್ ಲೋನರ್‌ಗಳನ್ನೂ ಕೇಳಿ. ಡೀಲರ್‌ಶಿಪ್‌ನಲ್ಲಿ ಗ್ರಾಹಕರಿಗೆ ತಾತ್ಕಾಲಿಕವಾಗಿ ಕೊಟ್ಟು ಮೂರ್ನಾಲ್ಕು ಸಾವಿರ ಮೈಲಿ ಓಡಿದ ಗಾಡಿಗಳು ಇವು. ರಿಯಾಯಿತಿ ದೊಡ್ಡದಿರುತ್ತದೆ. ಆದರೆ ಓಡಿದ ಮೈಲಿಗೆ ತಕ್ಕಂತೆ ರೆಸಿಡ್ಯುಯಲ್ ಇಳಿಯುತ್ತದೆ, ವಾರಂಟಿ ಗಾಡಿ ಲೋನರ್ ಆದ ದಿನದಿಂದಲೇ ಶುರುವಾಗಿರುತ್ತದೆ. ಬಿಎಂಡಬ್ಲ್ಯು, ಮರ್ಸಿಡಿಸ್, ಔಡಿ, ಲೆಕ್ಸಸ್‌ಗಳ ಮೂಲ ವಾರಂಟಿ 4 ವರ್ಷ ಅಥವಾ 50,000 ಮೈಲಿ. ಲೀಸ್ ಮುಗಿಯುವ ತನಕ ಅದು ಉಳಿಯುತ್ತದೆಯೇ ಎಂದು ಲೆಕ್ಕ ಹಾಕಿ.

ತೆರಿಗೆ ಮತ್ತು ಫೀ

ಇಲ್ಲಿ ರಾಜ್ಯಕ್ಕೊಂದು ನ್ಯಾಯ. ಕ್ಯಾಲಿಫೋರ್ನಿಯಾದಲ್ಲಿ ತೆರಿಗೆ ಪ್ರತಿ ಕಂತಿನ ಮೇಲೆ. ನ್ಯೂಜೆರ್ಸಿಯಲ್ಲಿ ಶೇ. 6.625 ತೆರಿಗೆಯನ್ನು ಸಾಮಾನ್ಯವಾಗಿ ಒಟ್ಟು ಕಂತುಗಳ ಮೇಲೆ ಲೆಕ್ಕ ಹಾಕಿ ಮೊದಲೇ ವಸೂಲು ಮಾಡುತ್ತಾರೆ. ಟೆಕ್ಸಾಸ್‌ನಲ್ಲಿ ಗಾಡಿಯ ಪೂರ್ತಿ ಬೆಲೆಯ ಮೇಲೆ ಶೇ. 6.25, 67,000ದ ಗಾಡಿಗೆ 4,187 ಡಾಲರ್. ಅಂದರೆ ಡಲ್ಲಾಸ್‌ನಲ್ಲಿರುವವರು ಮೂರು ವರ್ಷ ಬಳಸುವ ಗಾಡಿಗೆ ಇಡೀ ಗಾಡಿಯ ತೆರಿಗೆ ಹೊರಬೇಕಾಗುತ್ತದೆ. ಅಲ್ಲಿ ಕೆಲವು ಫೈನಾನ್ಸ್ ಕಂಪನಿಗಳು ಟ್ಯಾಕ್ಸ್ ಕ್ರೆಡಿಟ್ ಎಂದು ಇದರ ಒಂದು ಭಾಗವನ್ನೋ ಪೂರ್ತಿಯನ್ನೋ ತಾವೇ ಹೊರುವುದುಂಟು. ಟೆಕ್ಸಾಸ್‌ನವರು ಕೇಳಬೇಕಾದ ಮೊದಲ ಪ್ರಶ್ನೆ ಇದು.

ಕಾಗದಪತ್ರದ ಕೆಲಸಕ್ಕೆಂದು ಡೀಲರ್ ಹಾಕುವ ಡಾಕ್ ಫೀ ಕ್ಯಾಲಿಫೋರ್ನಿಯಾದಲ್ಲಿ 85 ಡಾಲರ್ ದಾಟುವಂತಿಲ್ಲ. ಫ್ಲಾರಿಡಾದಲ್ಲಿ ಮಿತಿಯೇ ಇಲ್ಲ, ನೂರಾರು ಡಾಲರ್ ಇರುತ್ತದೆ. ಡೀಲರ್ ಇದನ್ನು ಬಿಡುವುದಿಲ್ಲ. ಅಷ್ಟನ್ನು ಮಾರಾಟ ಬೆಲೆಯಲ್ಲಿ ಇಳಿಸಿ ಎಂದು ಕೇಳಿ. ಅಕ್ವಿಸಿಷನ್ ಫೀ ಲೀಸ್ ಕಂಪನಿಯದು. ಅದನ್ನೂ ಕೆಲವು ಡೀಲರ್‌ಗಳು ಏರಿಸಿ ಬರೆಯುವುದುಂಟು, ಕಂಪನಿಯ ಅಸಲಿ ಮೊತ್ತ ತಿಳಿದುಕೊಂಡಿರಿ.

ಕಿಟಕಿಯ ಮೇಲೆ ಕಂಪನಿಯ ಸ್ಟಿಕರ್ ಪಕ್ಕದಲ್ಲಿ ಇನ್ನೊಂದು ಚಿಕ್ಕ ಸ್ಟಿಕರ್ ಇದ್ದರೆ ಅದು ಡೀಲರ್‌ನ ಅಡೆಂಡಮ್: ಟಿಂಟ್, ವೀಲ್ ಲಾಕ್, ಟೈರಿಗೆ ನೈಟ್ರೋಜನ್, ಪೇಂಟ್ ರಕ್ಷಣೆ. ಲೀಸ್‌ನಲ್ಲಿ ಇವು ಎರಡು ಪಟ್ಟು ನಷ್ಟ. ಇವುಗಳ ಬೆಲೆ ಕ್ಯಾಪ್ ಕಾಸ್ಟ್‌ಗೆ ಸೇರುತ್ತದೆ, ಆದರೆ ರೆಸಿಡ್ಯುಯಲ್‌ಗೆ ಸಾಮಾನ್ಯವಾಗಿ ಸೇರುವುದಿಲ್ಲ. ಅಂದರೆ 2,000 ಡಾಲರಿನ ಅಡೆಂಡಮ್ಮನ್ನು ಪೂರ್ತಿಯಾಗಿ ಮೂರೇ ವರ್ಷದಲ್ಲಿ ತೀರಿಸಿ, ಗಾಡಿ ವಾಪಸ್ ಕೊಡುತ್ತೀರಿ.

ಮೈಲಿ, ಅವಧಿ, ವೀಸಾ

ವರ್ಷಕ್ಕೆ 10,000ದ ಬದಲು 12,000 ಅಥವಾ 15,000 ಮೈಲಿ ತೆಗೆದುಕೊಂಡರೆ ರೆಸಿಡ್ಯುಯಲ್ ಒಂದೆರಡು ಶೇಕಡಾ ಇಳಿದು ಕಂತು ಸ್ವಲ್ಪ ಏರುತ್ತದೆ. ಮಿತಿ ಮೀರಿದರೆ ಲಕ್ಷುರಿ ಗಾಡಿಗಳಲ್ಲಿ ಮೈಲಿಗೆ 25ರಿಂದ 30 ಸೆಂಟ್ ದಂಡ. 6,000 ಮೈಲಿ ಜಾಸ್ತಿ ಓಡಿಸಿದರೆ 25 ಸೆಂಟಿನಂತೆ 1,500 ಡಾಲರ್. ಆಫೀಸಿಗೆ ವಾರಕ್ಕೆ ಮೂರು ದಿನ ಹೋಗುವ ದೂರ, ಮಕ್ಕಳ ಕ್ಲಾಸು, ವರ್ಷಕ್ಕೆರಡು ದೂರದ ಪ್ರವಾಸ ಇಷ್ಟನ್ನು ಪ್ರಾಮಾಣಿಕವಾಗಿ ಕೂಡಿಸಿ ನೋಡಿ ನಿರ್ಧರಿಸಿ.

ಎಚ್‌-1ಬಿ ಮೇಲಿರುವ ಕನ್ನಡಿಗರು ಇದಕ್ಕಿಂತ ಗಂಭೀರವಾಗಿ ಯೋಚಿಸಬೇಕಾದದ್ದು ಅವಧಿಯ ಬಗ್ಗೆ. ಕೆಲಸ ಹೋದರೆ ಸಿಗುವುದು ಹೆಚ್ಚೆಂದರೆ 60 ದಿನಗಳ ಗ್ರೇಸ್ ಅವಧಿ. ಊರಿಗೆ ಹೊರಡುವ ಗಡಿಬಿಡಿಯಲ್ಲಿ ಲೀಸ್ ಮುರಿಯಲು ಹೋದರೆ ಉಳಿದ ಕಂತುಗಳ ಬಹುಪಾಲು ತಲೆಮೇಲೆ ಬರಬಹುದು. ಗಾಡಿ ವಾಪಸ್ ಕೊಟ್ಟ ಮಾತ್ರಕ್ಕೆ ಸಾಲ ತೀರುವುದಿಲ್ಲ. ಆದ್ದರಿಂದ ಸಹಿಗೆ ಮೊದಲೇ ಮೂರು ವಿಷಯ ಒಪ್ಪಂದದಲ್ಲಿ ಹುಡುಕಿ: ಲೀಸ್ ಅನ್ನು ಬೇರೆಯವರ ಹೆಸರಿಗೆ ವರ್ಗಾಯಿಸಲು ಬಿಡುತ್ತಾರೆಯೇ, ವರ್ಗಾಯಿಸಿದ ಮೇಲೂ ಹಳಬರ ಹೊಣೆ ಉಳಿಯುತ್ತದೆಯೇ, ನಡುವೆ ಗಾಡಿಯನ್ನು ಬೇರೆ ಡೀಲರ್‌ಗೆ ಮಾರಬಹುದೇ. ಈಚಿನ ವರ್ಷಗಳಲ್ಲಿ ಹಲವು ಫೈನಾನ್ಸ್ ಕಂಪನಿಗಳು ಹೊರಗಿನವರಿಗೆ ಮಾರುವುದನ್ನು ನಿಲ್ಲಿಸಿವೆ ಅಥವಾ ಅದಕ್ಕೆ ಹೆಚ್ಚಿನ ಬೆಲೆ ಕೇಳುತ್ತವೆ. ಮೂರಕ್ಕೂ ‘ಇಲ್ಲ’ ಎಂಬ ಉತ್ತರ ಬಂದರೆ, ಕಂತು ಎಷ್ಟೇ ಚೆನ್ನಾಗಿದ್ದರೂ, ಬೇರೆ ಬ್ರ್ಯಾಂಡ್ ನೋಡುವುದು ಅಥವಾ 24 ತಿಂಗಳಿಗೆ ಇಳಿಯುವುದು ಕ್ಷೇಮ.

ವಿಮೆಯನ್ನೂ ಮೊದಲೇ ವಿಚಾರಿಸಿ. ಲೀಸ್ ಕಂಪನಿಗಳು ಸಾಮಾನ್ಯವಾಗಿ ಒಬ್ಬರ ಗಾಯಕ್ಕೆ ಒಂದು ಲಕ್ಷ, ಒಂದು ಅಪಘಾತಕ್ಕೆ ಮೂರು ಲಕ್ಷ, ಆಸ್ತಿಗೆ 50,000 ಡಾಲರ್ ರಕ್ಷಣೆ ಕೇಳುತ್ತವೆ, ಡಿಡಕ್ಟಿಬಲ್ (ರಿಪೇರಿಯಲ್ಲಿ ನೀವೇ ಹೊರುವ ಪಾಲು) 1,000 ಮೀರಬಾರದು ಎನ್ನುತ್ತವೆ.

ಸಹಿ ಹಾಕುವ ಕೋಣೆಯಲ್ಲಿ

ಬೆಲೆ ಒಪ್ಪಿಯಾದ ಮೇಲೆ ಫೈನಾನ್ಸ್ ಮ್ಯಾನೇಜರ್ ಕೋಣೆಗೆ ಕರೆಯುತ್ತಾರೆ. ಟೈರ್ ಮತ್ತು ವೀಲ್ ರಕ್ಷಣೆ, ಸವೆತ ರಕ್ಷಣೆ, ವಿಸ್ತೃತ ವಾರಂಟಿ, ಗ್ಯಾಪ್ ಒಂದೊಂದಾಗಿ ಬರುತ್ತವೆ. ಮೂರು ವರ್ಷದ ಲೀಸ್‌ಗೆ ವಿಸ್ತೃತ ವಾರಂಟಿ ಬೇಕಿಲ್ಲ. ಗ್ಯಾಪ್ ಹೆಚ್ಚಿನ ಲಕ್ಷುರಿ ಬ್ರ್ಯಾಂಡ್‌ಗಳ ಲೀಸ್‌ನಲ್ಲಿ ಒಳಗೇ ಇರುತ್ತದೆ, ಒಪ್ಪಂದದಲ್ಲಿ ನೋಡಿ ಖಚಿತಪಡಿಸಿಕೊಳ್ಳಿ. ಹೊಂಡ ಬಿದ್ದ ರಸ್ತೆಗಳಿರುವ ಊರಿನಲ್ಲಿ 21 ಇಂಚಿನ ಚಕ್ರದ ಗಾಡಿ ತೆಗೆದುಕೊಂಡರೆ ಟೈರ್-ವೀಲ್ ರಕ್ಷಣೆ ಮಾತ್ರ ಯೋಚಿಸತಕ್ಕದ್ದು. ಅದರ ಬೆಲೆಗೂ ಚೌಕಾಸಿ ನಡೆಯುತ್ತದೆ.

ಮೇಲ್‌ನಲ್ಲಿ ಬಂದ ಅಂಕಿಗಳ ಪ್ರಿಂಟ್ ಪಕ್ಕದಲ್ಲಿಟ್ಟುಕೊಂಡು ಒಪ್ಪಂದದ ಸಾಲು ಸಾಲು ಹೊಂದಿಸಿ ನೋಡಿ. ಮೈಲಿ ಮಿತಿ ಮತ್ತು ಗಾಡಿ ವಾಪಸ್ ಕೊಡುವಾಗ ಕಟ್ಟಬೇಕಾದ ಡಿಸ್ಪೊಸಿಷನ್ ಫೀ ಎಷ್ಟೆಂದು ಓದಿ. ಮೂರು ದಿನದೊಳಗೆ ವಾಪಸ್ ಕೊಡಬಹುದು ಎಂಬ ಮಾತು ಎಲ್ಲೆಡೆ ಓಡಾಡುತ್ತದೆ. ಫೆಡರಲ್ ಕೂಲಿಂಗ್ ಆಫ್ ನಿಯಮ ಡೀಲರ್‌ಶಿಪ್‌ನಲ್ಲಿ ಕೂತು ಹಾಕಿದ ಸಹಿಗೆ ಅನ್ವಯಿಸುವುದಿಲ್ಲ.

ವಾಪಸ್ ಕೊಡುವಾಗ

ಲೀಸ್ ಮುಗಿಯಲು ಎರಡು ಮೂರು ತಿಂಗಳಿರುವಾಗ ಉಚಿತ ತಪಾಸಣೆಗೆ ಕರೆಸಿ. ಗೀರು, ಚಕ್ರದ ಅಂಚಿನ ಉಜ್ಜು, ಗಾಜಿನ ಬಿರುಕು ಪಟ್ಟಿಯಾಗಿ ಬರುತ್ತದೆ. ಹೊರಗೆ ಕಡಿಮೆಗೆ ಆಗುವುದನ್ನು ಮಾಡಿಸಿಕೊಳ್ಳಲು ಸಮಯ ಸಿಗುತ್ತದೆ. ಟೈರ್ ನೋಡಲು ಒಂದು ಕ್ವಾರ್ಟರ್ ನಾಣ್ಯ ಸಾಕು. ವಾಷಿಂಗ್ಟನ್ ತಲೆ ಕೆಳಗಾಗುವಂತೆ ಟೈರಿನ ಕಣಿವೆಯೊಳಗೆ ಇಳಿಸಿ. ತಲೆಯ ಮೇಲ್ಭಾಗವನ್ನು ರಬ್ಬರ್ ಮುಟ್ಟಿದರೆ ಸುಮಾರು 4/32 ಇಂಚು ಉಳಿದಿದೆ. ಹಲವು ಕಂಪನಿಗಳು ಕೇಳುವುದು ಇಷ್ಟನ್ನೇ. ಪೂರ್ತಿ ತಲೆ ಹೊರಗೆ ಕಂಡರೆ ಟೈರ್ ಬದಲಿಸಿ, ಒಪ್ಪಂದದಲ್ಲಿ ಹೇಳಿದ ಅಳತೆ ಮತ್ತು ಬಗೆಯದೇ ಆಗಿರಲಿ. ರನ್‌ಫ್ಲಾಟ್ (ಗಾಳಿ ಹೋದರೂ ಸ್ವಲ್ಪ ದೂರ ಓಡುವ ಟೈರ್) ಇದ್ದಲ್ಲಿ ಸಾದಾ ಟೈರ್ ಹಾಕಿದರೆ ಒಪ್ಪದೆ ಬಿಲ್ ಮಾಡುವುದುಂಟು.

ಆಗಲೇ ಗಾಡಿಯ ಮಾರುಕಟ್ಟೆ ಬೆಲೆಯನ್ನೂ ನೋಡಿ. ಅದು ರೆಸಿಡ್ಯುಯಲ್‌ಗಿಂತ ಚೆನ್ನಾಗಿ ಮೇಲಿದ್ದರೆ ಕೊಂಡುಕೊಳ್ಳುವುದೋ, ಅದೇ ಬ್ರ್ಯಾಂಡ್‌ನ ಡೀಲರ್‌ಗೆ ಮಾರಿ ವ್ಯತ್ಯಾಸವನ್ನು ಮುಂದಿನ ಗಾಡಿಗೆ ಹಿಡಿಸುವುದೋ ಲಾಭ. ಕೆಳಗಿದ್ದರೆ ಸುಮ್ಮನೆ ಕೀಲಿ ಕೊಡಿ, ಆ ನಷ್ಟ ಲೀಸ್ ಕಂಪನಿಯದು. ಮತ್ತೆ ಅದೇ ಬ್ರ್ಯಾಂಡ್ ತೆಗೆದುಕೊಂಡರೆ ಡಿಸ್ಪೊಸಿಷನ್ ಫೀ ಬಿಡುತ್ತಾರೆಯೇ ಎಂದು ಕೇಳಿ, ಬಹುತೇಕ ಬಿಡುತ್ತಾರೆ.

ಕೊಡುವ ದಿನ ಎರಡೂ ಕೀಲಿ ಒಯ್ಯಿರಿ, ಟೋಲ್ ಟ್ಯಾಗ್ ಬಿಚ್ಚಿಕೊಳ್ಳಿ, ಗಾಡಿಯ ಪರದೆಯಿಂದ ಮನೆ ವಿಳಾಸ, ಫೋನ್ ಸಂಪರ್ಕಗಳು, ಗರಾಜ್ ಬಾಗಿಲಿನ ಕೋಡ್ ಅಳಿಸಿ. ನಾಲ್ಕೂ ಬದಿ, ನಾಲ್ಕೂ ಚಕ್ರ, ಓಡೋಮೀಟರ್ ಫೋಟೊ ತೆಗೆಯಿರಿ. ಓಡೋಮೀಟರ್ ಅಂಕಿ ಬರೆದು ಸಹಿ ಮಾಡಿದ ರಸೀದಿ ಕೈಗೆ ಬರದೆ ಅಲ್ಲಿಂದ ಹೊರಡಬೇಡಿ, ಕೊನೆಯ ಬಿಲ್ ಬಂದು ತೀರುವ ತನಕ ಅದನ್ನು ಜೋಪಾನವಾಗಿಡಿ.